ಮಾತು ಸರಿ ಇದೆ, ಫ್ಯಾಕ್ಸ್ ಮಾತ್ರ ನಾಲ್ಕನೇ ಪುಟಕ್ಕೆ ನಿಲ್ಲುತ್ತದೆ: ಒಂದು ಪ್ರಕರಣ ಅಧ್ಯಯನ

ಇದು ಒಂದು ವೈದ್ಯಕೀಯ ಪರೀಕ್ಷಾ ಲ್ಯಾಬಿನ ಪ್ರಕರಣ. ಹತ್ತಾರು ಆಸ್ಪತ್ರೆ, ಕ್ಲಿನಿಕ್ಕುಗಳು ರೋಗಿಯ ವಿವರ, ಪರೀಕ್ಷೆಯ ಫಾರಂ, ಹಳೆಯ ವರದಿಗಳನ್ನು ಅಲ್ಲಿಗೆ ಫ್ಯಾಕ್ಸ್‌ನಲ್ಲೇ ಕಳಿಸುತ್ತವೆ. ಇನ್ನೂ ಫ್ಯಾಕ್ಸಾ ಅಂತ ನಗಬೇಡಿ. ಕಳಿಸುವ ಅಷ್ಟು ಜನ ಬದಲಾಗದೆ, ತೆಗೆದುಕೊಳ್ಳುವ ಒಬ್ಬರೇ ಬದಲಾಗಲು ಆಗುವುದಿಲ್ಲ, ಅಲ್ವಾ? ಫ್ಯಾಕ್ಸ್ ನಿಂತರೆ ಅಲ್ಲಿ ರಕ್ತದ ಮಾದರಿ ಬಂದಿರುತ್ತದೆ, ಅದಕ್ಕೆ ಏನು ಪರೀಕ್ಷೆ ಮಾಡಬೇಕು ಅನ್ನುವ ಚೀಟಿ ಬಂದಿರುವುದಿಲ್ಲ.

ಹಳೆಯ ವ್ಯವಸ್ಥೆಯಲ್ಲಿ ಒಂದು ಪಿಆರ್‌ಐ ಲೈನು (ಟೆಲಿಫೋನ್ ಕಂಪನಿಯಿಂದ ಬರುವ ಡಿಜಿಟಲ್ ಲೈನು), ಒಂದು ಇಪಿಎಬಿಎಕ್ಸ್ ಪೆಟ್ಟಿಗೆ (ಕಚೇರಿಯೊಳಗಿನ ಪುಟ್ಟ ಎಕ್ಸ್‌ಚೇಂಜ್), ಅದರ ಹಿಂದೆ ಮೇಜಿನ ಫೋನುಗಳು ಮತ್ತು ಮೂರು ಫ್ಯಾಕ್ಸ್ ಯಂತ್ರಗಳು ಇದ್ದವು. ಪೆಟ್ಟಿಗೆ ಹಳತಾಗಿ ಬಿಡಿಭಾಗ ಸಿಗದಂತಾಯಿತು. ಬದಲಿಗೆ ಒಂದು ಲಿನಕ್ಸ್ ಸರ್ವರ್, ಅದರ ಮೇಲೆ ಆಸ್ಟರಿಸ್ಕ್ ಅನ್ನುವ ಎಕ್ಸ್‌ಚೇಂಜ್ ಸಾಫ್ಟ್‌ವೇರ್, ಹೊರಗಿನ ಸಂಪರ್ಕಕ್ಕೆ ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೂಲಕ ಬರುವ ಫೋನ್ ಲೈನು) ಬಂದವು. ಫ್ಯಾಕ್ಸ್ ಯಂತ್ರಗಳನ್ನು ಎಟಿಎ ಅನ್ನುವ ಪುಟ್ಟ ಡಬ್ಬಿಗಳಿಗೆ ಸಿಕ್ಕಿಸಿದರು. ಎಟಿಎ ಅಂದರೆ ಹಳೆಯ ಅನಲಾಗ್ ಫೋನಿನ ತಂತಿಯನ್ನು ಒಂದು ಕಡೆ, ನೆಟ್‌ವರ್ಕ್ ಕೇಬಲ್ಲನ್ನು ಇನ್ನೊಂದು ಕಡೆ ಹಿಡಿದುಕೊಂಡಿರುವ ಅಡಾಪ್ಟರ್.

ಫೋನುಗಳು ಮೊದಲ ದಿನದಿಂದಲೇ ಚೆನ್ನಾಗಿ ನಡೆದವು. ಆ ಭಾಗದ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರು ಮಾಡಿದ ಆಸ್ಟರಿಸ್ಕ್ ಇಷ್ಟು ವರ್ಷಗಳಲ್ಲಿ ಚೆನ್ನಾಗಿ ಪಳಗಿದೆ. ಎಸ್‌ಐಪಿಗೆ, ಅಂದರೆ ಕರೆ ಜೋಡಿಸುವ, ಮುಗಿಸುವ ಸಂದೇಶಗಳಿಗೆ, ಪಿಜೆಎಸ್‌ಐಪಿ ಮಾಡ್ಯೂಲ್ ಬಳಸಿದ್ದರು. ಹಳೆಯ ಎಸ್‌ಐಪಿ ಮಾಡ್ಯೂಲನ್ನು 2023ರ 21ನೇ ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ, ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ಬೇರೆ ಆಯ್ಕೆಯೂ ಇಲ್ಲ. ಆಸ್ಟರಿಸ್ಕ್‌ನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಫ್ರೀಸ್ವಿಚ್ ಹಾಕಿದ್ದರೂ ನಡೆಯುತ್ತಿತ್ತು. ಕಮೈಲಿಯೋ ಅಥವಾ ಓಪನ್‌ಸಿಪ್ಸ್ ಹಾಕೋಣ ಅಂತ ಒಬ್ಬರು ಸಲಹೆ ಕೊಟ್ಟಿದ್ದರಂತೆ. ಅವು ಎಸ್‌ಐಪಿ ಸಂದೇಶಗಳನ್ನು ಸಾವಿರಾರು ಬಳಕೆದಾರರ ಮಧ್ಯೆ ತಿರುಗಿಸುವ ರೌಟರ್‌ಗಳು. ಕರೆಯನ್ನು ಎತ್ತಿಕೊಂಡು ಅದರ ಸದ್ದಿನ ಮೇಲೆ ಕೆಲಸ ಮಾಡುವುದು ಅವುಗಳ ಕಸುಬಲ್ಲ. ಮೂವತ್ತು ಫೋನಿನ ಕಚೇರಿಗೆ ಅವು ಬೇಕಿರಲಿಲ್ಲ.

ತೊಂದರೆ ಶುರುವಾದದ್ದು ಫ್ಯಾಕ್ಸ್‌ನಲ್ಲಿ. ಒಂದು ಪುಟ, ಎರಡು ಪುಟದ ಫ್ಯಾಕ್ಸ್ ಸಲೀಸಾಗಿ ಬರುತ್ತಿತ್ತು. ಉದ್ದದ್ದು ಬಂದರೆ ಮಧ್ಯದಲ್ಲಿ ಕಡಿದುಹೋಗುತ್ತಿತ್ತು. ಕೊನೆಗೆ ಬಂದ ಪುಟದ ಕೆಳಭಾಗದಲ್ಲಿ ಕಪ್ಪು ಗೀಟುಗಳು, ಅಡ್ಡಾದಿಡ್ಡಿ ಚುಕ್ಕೆಗಳು. ಕಳಿಸಿದವರು ಮತ್ತೆ ಕಳಿಸುತ್ತಿದ್ದರು, ಮತ್ತೆ ಅದೇ ಕಥೆ. ನಮ್ಮನ್ನು ಕರೆಸುವ ಹೊತ್ತಿಗೆ ಲ್ಯಾಬಿನಲ್ಲಿ ಮೂರು ಅಭಿಪ್ರಾಯಗಳು ಗಟ್ಟಿಯಾಗಿದ್ದವು: ಯಂತ್ರ ಹಳತಾಗಿದೆ, ಟ್ರಂಕ್ ಕೊಟ್ಟ ಕಂಪನಿಯದ್ದೇ ತಪ್ಪು, ಆಸ್ಟರಿಸ್ಕ್‌ಗೆ ಫ್ಯಾಕ್ಸ್ ಬರುವುದಿಲ್ಲ. ಮೂರೂ ತಪ್ಪು ಅಂತ ಆಮೇಲೆ ತಿಳಿಯಿತು.

ಪುಟವಲ್ಲ, ನಿಮಿಷ

ಎಷ್ಟನೇ ಪುಟಕ್ಕೆ ನಿಲ್ಲುತ್ತದೆ ಅಂತ ಕೇಳಿದರೆ ಹೆಚ್ಚಿನವರು ನಾಲ್ಕು ಅಂದರು. ಒಂದಿಬ್ಬರು ಎಂಟು, ಒಂಬತ್ತು ಅಂದರು. ಒಬ್ಬ ಗುಮಾಸ್ತೆ ಮಾತ್ರ ಉಪಯೋಗಕ್ಕೆ ಬರುವ ಮಾತು ಹೇಳಿದರು: ಒಂದು ಆಸ್ಪತ್ರೆಯ ಫಾರಂ ನಾಲ್ಕನೇ ಪುಟ ದಾಟುವುದೇ ಇಲ್ಲ, ಇನ್ನೊಂದು ಕ್ಲಿನಿಕ್ಕಿನ ಟೈಪ್ ಮಾಡಿದ ಪತ್ರಗಳು ಎಂಟು ಪುಟದವರೆಗೂ ಬರುತ್ತವೆ. ಆ ಆಸ್ಪತ್ರೆಯ ಫಾರಂ ತುಂಬ ಚೌಕಗಳು, ಬೂದು ಬಣ್ಣದ ಪಟ್ಟಿಗಳು, ಕೈಬರಹ. ಕ್ಲಿನಿಕ್ಕಿನದ್ದು ಅರ್ಧ ಹಾಳೆ ಖಾಲಿ.

ಆಸ್ಟರಿಸ್ಕ್ ಪ್ರತಿ ಕರೆಯ ಲೆಕ್ಕವನ್ನು ಸಿಡಿಆರ್ ಅನ್ನುವ ದಾಖಲೆಯಲ್ಲಿ ಬರೆದಿಡುತ್ತದೆ. ಅದನ್ನು ತೆಗೆದು ಫ್ಯಾಕ್ಸ್ ನಂಬರಿನ ಕರೆಗಳನ್ನು ಅವಧಿಯ ಪ್ರಕಾರ ಜೋಡಿಸಿದೆವು. ಎರಡು ನಿಮಿಷದ ಒಳಗೆ ಮುಗಿದ ಕರೆಗಳ ಬಗ್ಗೆ ದೂರು ಇರಲೇ ಇಲ್ಲ. ಕೆಟ್ಟ ಕರೆಗಳೆಲ್ಲ ನಾಲ್ಕು, ಐದು, ಆರು ನಿಮಿಷದ ಆಸುಪಾಸಿನಲ್ಲಿ ಗುಂಪುಗೂಡಿದ್ದವು. ಅಂದರೆ ಪುಟದ ಸಂಖ್ಯೆಗೂ ಇದಕ್ಕೂ ನೇರ ಸಂಬಂಧವಿಲ್ಲ. ಹೊತ್ತು ಕಳೆದಂತೆ ಏನೋ ಕೂಡಿಕೊಳ್ಳುತ್ತಾ ಹೋಗಿ ಒಂದು ಹಂತದಲ್ಲಿ ಕೆಡುತ್ತಿದೆ.

ಮುಂದೆ ಹೋಗುವ ಮೊದಲು ಫ್ಯಾಕ್ಸ್ ಕರೆಯೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಕರೆ ಮಾಡಿದ ಯಂತ್ರ 1100 ಹರ್ಟ್ಸ್‌ನ ಸದ್ದು ಮಾಡುತ್ತದೆ. ಅರ್ಧ ಸೆಕೆಂಡು ಸದ್ದು, 3 ಸೆಕೆಂಡು ಮೌನ, ಮತ್ತೆ ಸದ್ದು. ಕರೆ ಎತ್ತಿದ ಯಂತ್ರ 2100 ಹರ್ಟ್ಸ್‌ನಲ್ಲಿ ಕೂಗುತ್ತದೆ. ಆಮೇಲೆ ಸೆಕೆಂಡಿಗೆ 300 ಬಿಟ್‌ನ ನಿಧಾನದ ಮೋಡೆಮ್ ಸದ್ದಿನಲ್ಲಿ ಮಾತುಕತೆ. ಡಿಐಎಸ್: ನನಗೆ ಇಷ್ಟೆಲ್ಲ ಬರುತ್ತದೆ. ಡಿಸಿಎಸ್: ಹಾಗಾದರೆ ನಾನು ಹೀಗೆ ಕಳಿಸುತ್ತೇನೆ. ಟಿಸಿಎಫ್: ಒಂದೂವರೆ ಸೆಕೆಂಡು ಬರೀ ಸೊನ್ನೆಗಳು, ಲೈನು ಹೇಗಿದೆ ಅಂತ ನೋಡಲು. ಸಿಎಫ್‌ಆರ್: ಸರಿ ಬಂತು, ಶುರು ಮಾಡು. ಆಮೇಲೆ ಪುಟ, ವೇಗದ ಮೋಡೆಮ್‌ನಲ್ಲಿ: ವಿ.17 ಆದರೆ ಸೆಕೆಂಡಿಗೆ 14,400 ಬಿಟ್, ವಿ.29 ಆದರೆ 9,600. ಪುಟ ಮುಗಿದ ಮೇಲೆ ಎಂಪಿಎಸ್ ಬಂದರೆ ಇನ್ನೂ ಪುಟ ಇದೆ ಅಂತ, ಇಒಪಿ ಬಂದರೆ ಇದೇ ಕೊನೆ ಅಂತ. ಅದಕ್ಕೆ ಎಂಸಿಎಫ್ ಅಂದರೆ ಚೆನ್ನಾಗಿ ಬಂತು. ಆರ್‌ಟಿಎನ್ ಅಂದರೆ ಹಾಳಾಗಿದೆ. ಡಿಸಿಎನ್ ಅಂದರೆ ಫೋನ್ ಇಟ್ಟೆ. ಇಷ್ಟೂ ಟಿ.30 ಅನ್ನುವ ನಿಯಮಾವಳಿಯಲ್ಲಿದೆ.

ಎಟಿಎ ಡಬ್ಬಿಯಲ್ಲಿ ಇದ್ಯಾವುದರ ಲಾಗ್ ಸಿಗುತ್ತಿರಲಿಲ್ಲ. ಅದಕ್ಕೆ ಇದೆಲ್ಲ ಬರೀ ಸದ್ದು, ಒಳಗಿನ ಮಾತುಕತೆ ತಿಳಿಯುವುದಿಲ್ಲ. ಹಾಗಾಗಿ ಎಟಿಎ ಇದ್ದ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಪ್ಯಾಕೆಟ್ ಹಿಡಿದಿಡುವ ಟಿಸಿಪಿಡಂಪ್ ಹಾಕಿ ಕೆಲವು ಉದ್ದದ ಕರೆಗಳನ್ನು ಹಿಡಿದೆವು. ಅವನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ತೆರೆದಾಗ ಕಂಡದ್ದು ಸಾದಾ ಜಿ.711, ಫೋನಿನ ಸದ್ದನ್ನು ಅಂಕಿಗಳಾಗಿಸುವ ಮಾಮೂಲಿ ವಿಧಾನ: ಸೆಕೆಂಡಿಗೆ 8,000 ಸ್ಯಾಂಪಲ್ (ಸದ್ದಿನ ಅಳತೆ), 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಒಂದೊಂದರಲ್ಲೂ 160 ಸ್ಯಾಂಪಲ್. ಕಳೆದುಹೋದ ಪ್ಯಾಕೆಟ್ಟು ಒಂದೂ ಇಲ್ಲ. ಜಿಟ್ಟರ್, ಅಂದರೆ ಪ್ಯಾಕೆಟ್ಟು ಬರುವ ಹೊತ್ತಿನ ಏರುಪೇರು, ನಗಣ್ಯ. ಟ್ರಂಕ್ ಕಂಪನಿಯನ್ನು ಬಯ್ಯಲು ಇಲ್ಲಿ ಕಾರಣ ಸಿಗಲಿಲ್ಲ.

ಆಮೇಲೆ ಮಾಡಿದ ಪರೀಕ್ಷೆ ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದದ್ದು. ಸ್ಟೀವ್ ಅಂಡರ್‌ವುಡ್ ಬರೆದ ಸ್ಪ್ಯಾನ್‌ಡಿಎಸ್‌ಪಿ ಅನ್ನುವ ಲೈಬ್ರರಿ ಇದೆ. ಫ್ಯಾಕ್ಸ್ ಮೋಡೆಮ್‌ಗಳು ಮಾಡುವ ಲೆಕ್ಕವನ್ನೆಲ್ಲ ಅದು ಸಾಫ್ಟ್‌ವೇರ್‌ನಲ್ಲೇ ಮಾಡುತ್ತದೆ. ಆಸ್ಟರಿಸ್ಕ್, ಫ್ರೀಸ್ವಿಚ್ ಎರಡರ ಫ್ಯಾಕ್ಸ್ ಕೆಲಸಕ್ಕೂ ಇದೇ ಬೇರು. ಅದರ ಪರೀಕ್ಷಾ ಕಡತಗಳ ಜೊತೆ ಫ್ಯಾಕ್ಸ್ ಡಿಕೋಡ್ ಅನ್ನುವ ಚಿಕ್ಕ ಪ್ರೋಗ್ರಾಂ ಬರುತ್ತದೆ. ಫ್ಯಾಕ್ಸ್ ಕರೆಯ ಸದ್ದಿನ ಕಡತ ಕೊಟ್ಟರೆ ಒಳಗಿನ ಮಾತುಕತೆಯನ್ನು ಸಾಲುಸಾಲಾಗಿ ಬಿಡಿಸಿ ಹೇಳುತ್ತದೆ, ಪುಟವನ್ನೂ ಚಿತ್ರವಾಗಿ ತೆಗೆದುಕೊಡುತ್ತದೆ. ಹಿಡಿದ ಪ್ಯಾಕೆಟ್‌ಗಳಿಂದ ಸದ್ದನ್ನು ಉಳಿಸಿ ಅದಕ್ಕೆ ಕೊಟ್ಟೆವು.

ಮಾತುಕತೆ ಹೀಗಿತ್ತು: ಪುಟ, ಎಂಪಿಎಸ್, ಎಂಸಿಎಫ್. ಪುಟ, ಎಂಪಿಎಸ್, ಎಂಸಿಎಫ್. ಪುಟ, ಎಂಪಿಎಸ್, ಎಂಸಿಎಫ್. ಪುಟ, ಎಂಪಿಎಸ್, ಆರ್‌ಟಿಎನ್. ಡಿಸಿಎನ್. ಲ್ಯಾಬಿನ ಯಂತ್ರ ನಾಲ್ಕನೇ ಪುಟ ಹಾಳಾಗಿದೆ ಅಂದಿದೆ. ಕಳಿಸುತ್ತಿದ್ದ ಯಂತ್ರ ಅಷ್ಟಕ್ಕೇ ಫೋನ್ ಇಟ್ಟಿದೆ. ಆದರೆ ಪ್ರೋಗ್ರಾಂ ತೆಗೆದುಕೊಟ್ಟ ನಾಲ್ಕನೇ ಪುಟದಲ್ಲಿ ಒಂದು ಗೀಟು ಕೂಡ ತಪ್ಪಿರಲಿಲ್ಲ. ಯಂತ್ರ ಮುದ್ರಿಸಿದ್ದ ಕಪ್ಪು ಗೀಟಿನ ಹಾಳೆ ಪಕ್ಕದಲ್ಲೇ ಇತ್ತು. ಅದೇ ಕರೆ, ಅದೇ ಪ್ಯಾಕೆಟ್‌ಗಳು. ಅಂದರೆ ಎಟಿಎಯ ಬಾಗಿಲವರೆಗೆ ಪುಟ ಸರಿಯಾಗಿಯೇ ಬಂದಿದೆ. ಕೆಟ್ಟಿದ್ದು ಅಲ್ಲಿಂದ ಯಂತ್ರಕ್ಕೆ ಹೋಗುವ ಒಂದು ಮೀಟರ್ ತಂತಿಯ ಆಚೀಚೆ.

ಎರಡು ಗಡಿಯಾರ

ಟೆಲಿಫೋನ್ ಜಾಲದ ಕಡೆ ಸ್ಯಾಂಪಲ್‌ಗಳನ್ನು ಅಳೆಯುವ ಗಡಿಯಾರ ಬೇರೆ. ಎಟಿಎ ಡಬ್ಬಿಯೊಳಗೆ ಅವನ್ನು ಮತ್ತೆ ಸದ್ದಾಗಿ ಹೊರಡಿಸುವ ಗಡಿಯಾರ ಬೇರೆ. ಎರಡೂ ಸೆಕೆಂಡಿಗೆ 8,000 ಅನ್ನುತ್ತವೆ, ಆದರೆ ಡಬ್ಬಿಯೊಳಗಿನ ಅಗ್ಗದ ಹರಳಿನ 8,000 ಪೂರ್ತಿ 8,000 ಆಗಿರುವುದಿಲ್ಲ. ಹಳೆಯ ಪಿಆರ್‌ಐನಲ್ಲಿ ಈ ಸಮಸ್ಯೆ ಇರಲಿಲ್ಲ, ಯಾಕೆಂದರೆ ಪೆಟ್ಟಿಗೆ ತನ್ನ ಗಡಿಯಾರವನ್ನು ಲೈನಿನಿಂದಲೇ ತೆಗೆದುಕೊಳ್ಳುತ್ತಿತ್ತು. ಇಂಟರ್ನೆಟ್ ಪ್ಯಾಕೆಟ್ಟಿನ ಜೊತೆ ಗಡಿಯಾರ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಎರಡರ ಮಧ್ಯೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳೋಣ. ಸೆಕೆಂಡಿಗೆ 0.4 ಸ್ಯಾಂಪಲ್ ಹೆಚ್ಚುಕಮ್ಮಿ. 160 ಸ್ಯಾಂಪಲ್ ಅಂದರೆ ಒಂದು ಇಡೀ ಪ್ಯಾಕೆಟ್ಟಿನಷ್ಟು ವ್ಯತ್ಯಾಸ ಕೂಡಲು 400 ಸೆಕೆಂಡು, ಅಂದರೆ 6 ನಿಮಿಷ 40 ಸೆಕೆಂಡು. ಎಟಿಎಯ ಜಿಟ್ಟರ್ ಬಫರ್, ಅಂದರೆ ಬಂದ ಪ್ಯಾಕೆಟ್ಟುಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಾಗ, ಒಂದು ಕಡೆ ನಲ್ಲಿ ಬಿಟ್ಟು ಇನ್ನೊಂದು ಕಡೆ ತೂತಿರುವ ಕೊಡದ ಹಾಗೆ. ಬರುವುದಕ್ಕಿಂತ ಹೋಗುವುದು ಕೂದಲೆಳೆಯಷ್ಟು ಜಾಸ್ತಿಯಾದರೂ ಒಂದು ಹೊತ್ತಿಗೆ ಬರಿದಾಗುತ್ತದೆ. ಆಗ ಎಟಿಎ ಹಿಂದಿನ ಸದ್ದನ್ನು ನೋಡಿ ಒಂದು ತುಣುಕು ಸುಮ್ನೆ ತಯಾರಿಸಿ ತುಂಬುತ್ತದೆ. ವ್ಯತ್ಯಾಸ ಉಲ್ಟಾ ಇದ್ದರೆ ಬಫರ್ ತುಂಬಿ, ಒಂದು ತುಣುಕನ್ನು ಬಿಸಾಡುತ್ತದೆ.

ಮಾತಾಡುವಾಗ ಆರೇಳು ನಿಮಿಷಕ್ಕೊಮ್ಮೆ 20 ಮಿಲಿಸೆಕೆಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ಮೋಡೆಮ್‌ಗೆ ತಿಳಿಯುತ್ತದೆ. ಕೆಲವು ಸಲ ಅದು ಸುಧಾರಿಸಿಕೊಂಡು ನಾಲ್ಕೈದು ಸಾಲು ಮಾತ್ರ ಕೆಡುತ್ತವೆ. ಕೆಲವು ಸಲ ಲಯ ಪೂರ್ತಿ ತಪ್ಪಿ ಆ ಪುಟದ ಉಳಿದ ಭಾಗವೇ ಹೋಗುತ್ತದೆ. ಕರೆ ಶುರುವಾದಾಗ ಬಫರ್ ಎಷ್ಟು ತುಂಬಿತ್ತು ಅನ್ನುವುದರ ಮೇಲೆ ಇದು ಯಾವಾಗ ಅನ್ನುವುದು ನಿಂತಿದೆ. ಅದಕ್ಕೇ ಒಮ್ಮೆ ನಾಲ್ಕು ನಿಮಿಷ, ಒಮ್ಮೆ ಆರು.

ಇದು ಬರೀ ಊಹೆಯಲ್ಲ ಅಂತ ತೋರಿಸಲು ವೈರ್‌ಶಾರ್ಕ್ ಸಾಕಾಯಿತು. ಅದರ ಆರ್‌ಟಿಪಿ (ಕರೆಯ ಸದ್ದನ್ನು ಹೊತ್ತೊಯ್ಯುವ ಪ್ಯಾಕೆಟ್‌ಗಳ ನಿಯಮಾವಳಿ) ವಿಶ್ಲೇಷಣೆಯಲ್ಲಿ ಸ್ಕ್ಯೂ ಅನ್ನುವ ಕಾಲಂ ಇದೆ. ಪ್ಯಾಕೆಟ್ಟು ಬರಬೇಕಾದ ಹೊತ್ತಿಗೂ ಬಂದ ಹೊತ್ತಿಗೂ ಇರುವ ಅಂತರವನ್ನು ಅದು ತೋರಿಸುತ್ತದೆ. ಟ್ರಂಕಿನಿಂದ ಬರುವ ಹರಿವಿನ ಸ್ಕ್ಯೂ ಕರೆಯುದ್ದಕ್ಕೂ ಒಂದೇ ಮಟ್ಟದಲ್ಲಿತ್ತು. ಎಟಿಎಯಿಂದ ಹೊರಡುವ ಹರಿವಿನದ್ದು ನಿಧಾನವಾಗಿ, ಒಂದೇ ಸಮನೆ ಒಂದು ದಿಕ್ಕಿಗೆ ಜಾರುತ್ತಿತ್ತು.

ಈಗ ಸ್ವಾರಸ್ಯದ ಭಾಗ. ದೂರು ಬಂದ ಮೊದಲ ವಾರದಲ್ಲೇ ಯಾರೋ ಬಂದು ಎಲ್ಲರೂ ಕೊಡುವ ಸಲಹೆ ಕೊಟ್ಟು ಹೋಗಿದ್ದರು: ಇಂಟರ್ನೆಟ್ ಲೈನಿನಲ್ಲಿ ಫ್ಯಾಕ್ಸ್ ಆದರೆ ವೇಗವನ್ನು 9,600ಕ್ಕೆ ಇಳಿಸಿ, ಇಸಿಎಂ ಆಫ್ ಮಾಡಿ. ಇಸಿಎಂ ಅಂದರೆ ತಪ್ಪು ತಿದ್ದುವ ವಿಧಾನ. ಪುಟವನ್ನು ಚಿಕ್ಕ ಫ್ರೇಮ್‌ಗಳಾಗಿ ಒಡೆದು, 256 ಫ್ರೇಮ್‌ಗಳ ಒಂದೊಂದು ಬ್ಲಾಕ್ ಮಾಡಿ ಕಳಿಸುತ್ತದೆ. ಕೆಟ್ಟ ಫ್ರೇಮ್ ಇದ್ದರೆ ಅದನ್ನು ಮಾತ್ರ ಮತ್ತೆ ಕೇಳುತ್ತದೆ. ಪ್ರತಿ ಬ್ಲಾಕಿನ ಆರಂಭದಲ್ಲಿ ಮೋಡೆಮ್ ಮತ್ತೆ ಲಯ ಹಿಡಿಯುತ್ತದೆ. ಅಂದರೆ ಆರೇಳು ನಿಮಿಷಕ್ಕೊಮ್ಮೆ ಆಗುವ ಒಂದು ಜಾರುವಿಕೆಗೆ ಇಸಿಎಂ ಹೇಳಿ ಮಾಡಿಸಿದ ಮದ್ದು. ಅದನ್ನೇ ಆಫ್ ಮಾಡಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ವೇಗ 14,400ರಿಂದ 9,600ಕ್ಕೆ ಇಳಿದರೆ ಪುಟ ಕಳಿಸಲು ಒಂದೂವರೆ ಪಟ್ಟು ಹೊತ್ತು ಬೇಕು. ಇಸಿಎಂ ಇಲ್ಲದಿದ್ದರೆ ಎಂಎಂಆರ್ ಅನ್ನುವ ಒಳ್ಳೆಯ ಸಂಕುಚನವನ್ನೂ ಬಳಸುವಂತಿಲ್ಲ, ನಿಯಮವೇ ಹಾಗಿದೆ. ಆಗ ಪುಟದ ಗಾತ್ರವೂ ದೊಡ್ಡದು. ಹೊತ್ತು ಕಳೆದಷ್ಟೂ ಕೆಡುವ ಕಾಯಿಲೆಗೆ ಕರೆಯನ್ನು ಉದ್ದ ಮಾಡುವ ಔಷಧಿ! ಪ್ಯಾಕೆಟ್ಟುಗಳು ಎಡೆಬಿಡದೆ ಕಳೆದುಹೋಗುವ ಲೈನಿನಲ್ಲಿ ಆ ಸಲಹೆಗೆ ಅರ್ಥವಿರಬಹುದು, ಅಲ್ಲಿ ಇಸಿಎಂ ಮತ್ತೆ ಮತ್ತೆ ಕೇಳುತ್ತಾ ಕರೆ ಮುಗಿಯದೇ ಹೋಗುತ್ತದೆ. ಈ ಲೈನಿನಲ್ಲಿ ಒಂದು ಪ್ಯಾಕೆಟ್ಟೂ ಕಳೆಯುತ್ತಿರಲಿಲ್ಲ.

ಮೂರು ಯಂತ್ರಗಳಲ್ಲೂ ಇಸಿಎಂ ಆನ್ ಮಾಡಿ, ವೇಗ 14,400ಕ್ಕೆ ಏರಿಸಿದ ದಿನವೇ ದೂರುಗಳು ಬಹಳಷ್ಟು ಇಳಿದವು. ಕೆಲವರು ಇಲ್ಲಿಗೇ ನಿಲ್ಲಿಸೋಣ ಅಂದರು. ನಮಗೆ ಒಪ್ಪಿಗೆಯಾಗಲಿಲ್ಲ. ಕಳಿಸುವ ಕಡೆಯ ಯಂತ್ರದಲ್ಲೂ ಇಸಿಎಂ ಆನ್ ಇದ್ದರೆ ಮಾತ್ರ ಇದು ನಡೆಯುತ್ತದೆ, ಆ ಯಂತ್ರಗಳು ನಮ್ಮ ಕೈಯಲ್ಲಿಲ್ಲ. ಎರಡನೇ ಗಡಿಯಾರವನ್ನೇ ದಾರಿಯಿಂದ ತೆಗೆಯುವುದು ಸರಿಯಾದ ದಾರಿ.

ಸರ್ವರಿನಲ್ಲೇ ಫ್ಯಾಕ್ಸ್

ಬರುವ ಫ್ಯಾಕ್ಸ್‌ಗಳಿಗೆ ಆಸ್ಟರಿಸ್ಕ್‌ನ ರಿಸೀವ್ ಫ್ಯಾಕ್ಸ್ ಅಪ್ಲಿಕೇಶನ್ ಸಾಕು ಅಂತ ತೀರ್ಮಾನಿಸಿದೆವು. ಅದರ ಹಿಂದೆ ಕೆಲಸ ಮಾಡುವುದು ಸ್ಪ್ಯಾನ್‌ಡಿಎಸ್‌ಪಿಯೇ. ಕರೆ ಬಂದ ತಕ್ಷಣ ಎತ್ತಿ, ಪುಟಗಳನ್ನು ಟಿಫ್ ಅನ್ನುವ ಚಿತ್ರದ ಕಡತವಾಗಿ ಉಳಿಸುತ್ತದೆ. ಇಲ್ಲಿ ಪ್ಯಾಕೆಟ್ಟಿನ ಸ್ಯಾಂಪಲ್‌ಗಳನ್ನು ಮತ್ತೆ ಸದ್ದು ಮಾಡಿ ತಂತಿಗೆ ಬಿಡುವ ಹಂತವೇ ಇಲ್ಲ. ಬಂದದ್ದು ಬಂದ ಹಾಗೆ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಸಾದಾ ಜಿ.711ನಲ್ಲಿ ಬಂದರೂ ಸ್ವೀಕರಿಸುವ ಕಡೆ ಜಾರುವಿಕೆ ಇಲ್ಲ. ಫ್ಯಾಕ್ಸ್ ಡಿಕೋಡ್ ಪರೀಕ್ಷೆ ಅದನ್ನು ಆಗಲೇ ತೋರಿಸಿತ್ತಲ್ಲ.

ಕಳಿಸುವ ಕೆಲಸಕ್ಕೆ ಬೇಕಾದದ್ದು ಬೇರೆ. ಎಂಗೇಜ್ ಬಂದರೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬೇಕು. ಒಂದೇ ನಂಬರಿಗೆ ಎರಡು ಲೈನಿನಿಂದ ಒಟ್ಟಿಗೆ ಹೋಗಬಾರದು. ಮೂರು ಪುಟ ಹೋಗಿ ನಿಂತರೆ ನಾಲ್ಕರಿಂದ ಮುಂದುವರಿಯಬೇಕು. ಇದನ್ನೆಲ್ಲ ಮಾಡುವ ಸರದಿ ವ್ಯವಸ್ಥೆ ಹೈಲಾಫ್ಯಾಕ್ಸ್ ಅನ್ನುವ ಫ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿದೆ. ಸ್ಯಾಮ್ ಲೆಫ್ಲರ್ ಇದನ್ನು ಬರೆದಾಗ ಹೆಸರು ಫ್ಲೆಕ್ಸ್‌ಫ್ಯಾಕ್ಸ್ ಅಂತಿತ್ತು, 1990ರ ದಶಕದ ಆರಂಭದ ಮಾತು. ಟಿಫ್ ಕಡತಗಳನ್ನು ಓದಿ ಬರೆಯುವ ಲಿಬ್‌ಟಿಫ್ ಕೂಡ ಅವರದ್ದೇ. ಈಗ ಲೀ ಹೋವರ್ಡ್ ನೋಡಿಕೊಳ್ಳುವ ಹೈಲಾಫ್ಯಾಕ್ಸ್ ಪ್ಲಸ್ ಅನ್ನುವ ಕವಲು ಇದೆ. ನಾವು ಹಾಕಿದ್ದು ಅದನ್ನೇ.

ಹೈಲಾಫ್ಯಾಕ್ಸ್‌ಗೆ ಮೋಡೆಮ್ ಬೇಕು. ಎಸ್‌ಐಪಿ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಆ ಜಾಗಕ್ಕೆ ಐಎಎಕ್ಸ್‌ಮೋಡೆಮ್ ಬರುತ್ತದೆ, ಅದೂ ಲೀ ಹೋವರ್ಡ್ ಅವರದ್ದೇ. ಹೈಲಾಫ್ಯಾಕ್ಸ್ ಕಡೆಗೆ ಅದು ಸೀರಿಯಲ್ ಪೋರ್ಟಿನಲ್ಲಿ ಕೂತ ಮಾಮೂಲಿ ಮೋಡೆಮ್‌ನಂತೆ ನಟಿಸುತ್ತದೆ. ಇನ್ನೊಂದು ಕಡೆ ಐಎಎಕ್ಸ್ ಪ್ರೋಟೋಕಾಲ್‌ನಲ್ಲಿ ಆಸ್ಟರಿಸ್ಕ್ ಜೊತೆ ಮಾತಾಡುತ್ತದೆ. ಮಧ್ಯದಲ್ಲಿ ಮತ್ತೆ ಸ್ಪ್ಯಾನ್‌ಡಿಎಸ್‌ಪಿ. ಫ್ರೀಸ್ವಿಚ್ ಬಳಸುವವರು ಗೋಫ್ಯಾಕ್ಸ್‌ಐಪಿ ನೋಡಬಹುದು. ಅದು ಹೈಲಾಫ್ಯಾಕ್ಸ್‌ನ ಸರದಿಯನ್ನು ನೇರವಾಗಿ ಫ್ರೀಸ್ವಿಚ್‌ಗೆ ಜೋಡಿಸುತ್ತದೆ, ನಡುವೆ ನಟನೆಯ ಮೋಡೆಮ್ ಬೇಕಿಲ್ಲ. ಹೊಸದಾಗಿ ಕಟ್ಟುವುದಾದರೆ ನಾನು ಬಹುಶಃ ಆ ದಾರಿ ಹಿಡಿಯುತ್ತೇನೆ. ಇಲ್ಲಿ ಆಸ್ಟರಿಸ್ಕ್ ಆಗಲೇ ನೆಲೆಯೂರಿತ್ತು.

ಮುಂದಿನದು ಟಿ.38. ಇದು 1998ರಲ್ಲಿ ಬಂದ, ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುದ ಮಾನದಂಡ. ಮೋಡೆಮ್ ಸದ್ದನ್ನು ಪ್ಯಾಕೆಟ್ ಮಾಡುವ ಬದಲು, ಆ ಸದ್ದನ್ನು ಗೇಟ್‌ವೇಯಲ್ಲೇ ಬಿಡಿಸಿ ಒಳಗಿನ ಬಿಟ್‌ಗಳನ್ನು ಮಾತ್ರ ಕಳಿಸುತ್ತದೆ. ಹಿಂದಿನ ಪ್ಯಾಕೆಟ್ಟಿನ ನಕಲನ್ನೂ ಜೊತೆಗೆ ಸೇರಿಸಿ ಕಳಿಸಬಹುದು, ಒಂದು ಕಳೆದರೆ ಇನ್ನೊಂದರಲ್ಲಿ ಸಿಗುತ್ತದೆ. ಕರೆ ಮೊದಲು ಮಾತಿನ ಕರೆಯಾಗಿಯೇ ಶುರುವಾಗುತ್ತದೆ. ಫ್ಯಾಕ್ಸ್ ಅಂತ ತಿಳಿದ ಮೇಲೆ, ಸಾಮಾನ್ಯವಾಗಿ ಸ್ವೀಕರಿಸುವ ಕಡೆಯವರು, ಇನ್ನೊಂದು ಇನ್‌ವೈಟ್ (ಕರೆಗೆ ಕೋರುವ ಎಸ್‌ಐಪಿ ಸಂದೇಶ) ಕಳಿಸಿ ಇನ್ನು ಟಿ.38ಕ್ಕೆ ಬದಲಾಗೋಣ ಅನ್ನುತ್ತಾರೆ. ಕಳಿಸುವ ಕಡೆಗೆ ನಮಗೆ ಇದು ಬೇಕೇ ಬೇಕಿತ್ತು. ಆಸ್ಟರಿಸ್ಕ್‌ನಲ್ಲಿ ಟಿ.38 ಗೇಟ್‌ವೇ ಇದೆ, ಐಎಎಕ್ಸ್‌ಮೋಡೆಮ್‌ನ ಸದ್ದನ್ನು ಅದೇ ಯಂತ್ರದಲ್ಲಿ ಟಿ.38ಕ್ಕೆ ತಿರುಗಿಸುತ್ತದೆ.

ಟಿ.38 ಆನ್ ಮಾಡಿದ ಕೂಡಲೇ ಎಲ್ಲ ಫ್ಯಾಕ್ಸೂ ನಿಂತವು. ಉದ್ದದ್ದಷ್ಟೇ ಅಲ್ಲ, ಒಂದು ಪುಟದ್ದೂ.

ಎಸ್‌ಐಪಿ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಹಾಕಿ ನೋಡಿದರೆ ಎಸ್‌ಐಪಿ ಮಾತುಕತೆಯಲ್ಲಿ ಏನೂ ಕೊರತೆ ಕಾಣಲಿಲ್ಲ. ನಮ್ಮ ಕಡೆಯಿಂದ ಟಿ.38ರ ಇನ್‌ವೈಟ್ ಹೋಗಿದೆ, ಆ ಕಡೆಯಿಂದ 200 ಓಕೆ, ಅಂದರೆ ಒಪ್ಪಿಗೆ, ಬಂದಿದೆ. ಆಮೇಲೆ ಮೌನ. ಅರ್ಧ ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತಿಗೆ ಕರೆ ಬೀಳುತ್ತದೆ. ಟಿ.30ರ ಮೊದಲ ಟೈಮರ್ 35 ಸೆಕೆಂಡಿನದು, ಅದೇ ಮುಗಿಯುತ್ತಿದೆ. ಆಸ್ಟರಿಸ್ಕ್‌ನಲ್ಲಿ ಟಿ.38 ಪ್ಯಾಕೆಟ್‌ಗಳ ಓಡಾಟ ತೋರಿಸುವ ಯುಡಿಪಿಟಿಎಲ್ ಡೀಬಗ್ ಆನ್ ಮಾಡಿದರೆ ಕಳಿಸಿದ ಪ್ಯಾಕೆಟ್ಟಿನ ಸಾಲುಗಳು ಮಾತ್ರ ಓಡುತ್ತಿದ್ದವು, ಬಂದ ಪ್ಯಾಕೆಟ್ಟಿನ ಸಾಲು ಒಂದೂ ಇಲ್ಲ.

ಕಾರಣ ಎಸ್‌ಐಪಿ ಸಂದೇಶದ ಒಂದೇ ಸಾಲಿನಲ್ಲಿತ್ತು. ಮಾತಿನ ಕರೆಯಲ್ಲಿ ಆ ಸಾಲು ಆಡಿಯೋ ಅಂದು 10,000ಕ್ಕೂ ಮೇಲಿನ ಪೋರ್ಟ್ ನಂಬರ್ ಹೇಳುತ್ತದೆ. ಟಿ.38ಕ್ಕೆ ಬದಲಾದ ಮೇಲೆ ಅದೇ ಸಾಲು ಇಮೇಜ್ ಅನ್ನುತ್ತದೆ, ಪೋರ್ಟ್ 4,000 ಚಿಲ್ಲರೆ. ಟಿ.38 ಆರ್‌ಟಿಪಿಯಲ್ಲಿ ಹೋಗುವುದಿಲ್ಲ, ಯುಡಿಪಿಟಿಎಲ್ ಅನ್ನುವ ಬೇರೆ ಹೊದಿಕೆಯಲ್ಲಿ ಹೋಗುತ್ತದೆ. ಆಸ್ಟರಿಸ್ಕ್‌ನ ಮಾದರಿ ಕಡತದಲ್ಲಿ ಅದಕ್ಕೆ 4000ರಿಂದ 4999ರವರೆಗಿನ ಪೋರ್ಟ್‌ಗಳು. ಲ್ಯಾಬಿನ ಫೈರ್‌ವಾಲ್ ಬಿಗಿಯಾದದ್ದು. ಒಳಗೂ ಹೊರಗೂ ಪಟ್ಟಿಯಲ್ಲಿದ್ದ ಪೋರ್ಟ್ ಮಾತ್ರ ಬಿಡುತ್ತದೆ. ಫೋನಿಗಾಗಿ 10000ದಿಂದ 20000ದವರೆಗೆ ತೆರೆದಿದ್ದರು, ಅಷ್ಟೇ. ಒಂದು ಸಾಲು ಸೇರಿಸಿದ ಮೇಲೆ ಎರಡೂ ಕಡೆಯ ಪ್ಯಾಕೆಟ್‌ಗಳು ಓಡಾಡಿದವು.

ಇದರ ಬೆನ್ನಿಗೇ ಕೆಲವು ಕರೆಗಳಲ್ಲಿ 200 ಓಕೆ ಬದಲು 488 ಬರತೊಡಗಿತು, ಅಂದರೆ ಇಲ್ಲಿ ಇದು ಒಪ್ಪಿಗೆಯಿಲ್ಲ ಅಂತ. ಟ್ರಂಕ್ ಕೊಡುವವರು ಎಲ್ಲ ಕರೆಗಳನ್ನೂ ಒಂದೇ ದಾರಿಯಲ್ಲಿ ತರುವುದಿಲ್ಲ. ಕೆಲವು ದಾರಿಗಳಲ್ಲಿ ಟಿ.38 ಇರುವುದಿಲ್ಲ. ಹಾಗಾಗಿ ಟಿ.38 ಇದೆ ಅಂತ ಅವರು ಹೇಳಿದರೂ ಎಲ್ಲ ಕರೆಗೂ ಇದೆ ಅಂತ ನಂಬಬಾರದು. ರಿಸೀವ್ ಫ್ಯಾಕ್ಸ್‌ಗೆ ಒಂದು ಆಯ್ಕೆ ಕೊಟ್ಟರೆ, ಟಿ.38 ಸಿಗದಾಗ ಸಾದಾ ಸದ್ದಿನಲ್ಲೇ ಮುಂದುವರಿಯುತ್ತದೆ. ಅದನ್ನು ಹಾಕಿದೆವು. ಜಿ.729 ಮಾತ್ರ ಆ ಟ್ರಂಕಿನ ಪಟ್ಟಿಯಿಂದಲೇ ತೆಗೆದೆವು. ಮನುಷ್ಯನ ಮಾತನ್ನು 8 ಕಿಲೋಬಿಟ್‌ಗೆ ಹಿಂಡುವ ಆ ಕೋಡೆಕ್‌ನ ಮೂಲಕ ಮೋಡೆಮ್ ಸದ್ದು ಬದುಕಿ ಬರುವುದಿಲ್ಲ.

ಬೂದು ಪಟ್ಟಿ, ಅರ್ಧ ಫ್ಯಾಕ್ಸ್ ಮತ್ತು ಉಳಿದವು

ಲ್ಯಾಬಿನಿಂದ ಹೋಗುವ ವರದಿಗಳು ಈಗ ಹೈಲಾಫ್ಯಾಕ್ಸ್ ಮೂಲಕ ಹೋಗುತ್ತಿದ್ದವು, ಆದರೆ ಒಂದೊಂದು ಪುಟಕ್ಕೂ ವಿಪರೀತ ಹೊತ್ತು. ವರದಿಯ ತಲೆಬರಹದಲ್ಲಿ ಅಗಲವಾದ ಬೂದು ಪಟ್ಟಿ, ಕೋಷ್ಟಕದ ಸಾಲು ಬಿಟ್ಟು ಸಾಲಿಗೆ ತಿಳಿ ಬೂದು ಬಣ್ಣ. ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಫ್ಯಾಕ್ಸ್‌ಗೆ ಬೂದು ಅನ್ನುವುದಿಲ್ಲ, ಕಪ್ಪು ಇಲ್ಲವೇ ಬಿಳಿ. ಘೋಸ್ಟ್‌ಸ್ಕ್ರಿಪ್ಟ್ ಪಿಡಿಎಫ್ ಕಡತವನ್ನು ಫ್ಯಾಕ್ಸ್‌ನ ಟಿಫ್ ಮಾಡುವಾಗ ಬೂದನ್ನು ಚುಕ್ಕೆ ಚುಕ್ಕೆ ಮಾಡುತ್ತದೆ. ಫ್ಯಾಕ್ಸ್ ಸಂಕುಚನ ನಿಂತಿರುವುದು ಒಂದೇ ಬಣ್ಣದ ಉದ್ದ ಓಟಗಳ ಮೇಲೆ: ಇಷ್ಟು ಬಿಳಿ, ಇಷ್ಟು ಕಪ್ಪು, ಮತ್ತೆ ಇಷ್ಟು ಬಿಳಿ. ಚುಕ್ಕೆಗಳಲ್ಲಿ ಓಟವೇ ಇರುವುದಿಲ್ಲ. ಸಾಲಿಗೆ 1,728 ಚುಕ್ಕೆ, ಫೈನ್ ಗುಣಮಟ್ಟದ ಎ4 ಪುಟಕ್ಕೆ ಸುಮಾರು 2,290 ಸಾಲು. ಸಂಕುಚನವೇ ಇಲ್ಲದೆ ಕಳಿಸಿದರೆ 14,400 ವೇಗದಲ್ಲೂ ಒಂದು ಪುಟಕ್ಕೆ ನಾಲ್ಕೂವರೆ ನಿಮಿಷ. ಚುಕ್ಕೆ ತುಂಬಿದ ಭಾಗದಲ್ಲಿ ಸಂಕುಚನ ಮಾಡಿದ್ದು ಮಾಡದ್ದಕ್ಕಿಂತ ದೊಡ್ಡದಾಗುವುದೂ ಉಂಟು. ವರದಿಯ ಫ್ಯಾಕ್ಸ್ ನಮೂನೆಯಿಂದ ಬೂದು ಬಣ್ಣವನ್ನೆಲ್ಲ ತೆಗೆಸಿ, ತೆಳು ಗೀಟು ಹಾಕಿಸಿದೆವು. ಸರ್ವರ್, ಟ್ರಂಕ್, ಟಿ.38 ಯಾವುದನ್ನೂ ಮುಟ್ಟದೆ ಕರೆಯ ಹೊತ್ತು ಅರ್ಧಕ್ಕೂ ಕೆಳಗಿಳಿಯಿತು. ಫ್ಯಾಕ್ಸ್ ಸರಿ ಮಾಡಲು ಕರೆದವರಿಗೆ ಮೊದಲು ನಿಮ್ಮ ಲೆಟರ್‌ಹೆಡ್ ತೋರಿಸಿ ಅಂತ ಹೇಳಿದರೆ ವಿಚಿತ್ರವಾಗಿ ನೋಡುತ್ತಾರೆ, ಇರಲಿ.

ಮಧ್ಯದಲ್ಲಿ ಕಡಿದ ಫ್ಯಾಕ್ಸ್ ಏನು ಮಾಡಬೇಕು ಅನ್ನುವುದರ ಮೇಲೆ ಲ್ಯಾಬಿನವರ ಜೊತೆ ಉದ್ದದ ಚರ್ಚೆಯೇ ಆಯಿತು. ರಿಸೀವ್ ಫ್ಯಾಕ್ಸ್ ಸೋತಾಗ ಸ್ಥಿತಿ ವಿಫಲ ಅಂತ ಹೇಳುತ್ತದೆ, ಆದರೆ ಅಲ್ಲಿಯವರೆಗೆ ಬಂದ ಪುಟಗಳು ಟಿಫ್ ಕಡತದಲ್ಲಿ ಇರುತ್ತವೆ. ಹೆಚ್ಚಿನ ಸಿದ್ಧ ಸ್ಕ್ರಿಪ್ಟ್‌ಗಳು ವಿಫಲ ಅಂದರೆ ಕಡತವನ್ನು ಅಳಿಸಿಬಿಡುತ್ತವೆ. ಇಲ್ಲಿ ಹಾಗೆ ಮಾಡಿದರೆ ತುರ್ತು ಪರೀಕ್ಷೆಯ ಮೊದಲ ಪುಟ ಬಂದಿದ್ದರೂ ಯಾರಿಗೂ ಕಾಣುವುದಿಲ್ಲ. ಹಾಗೇ ಕೊಟ್ಟುಬಿಟ್ಟರೆ ಅಪೂರ್ಣ ಅಂತ ತಿಳಿಯದೆ ಕೆಲಸ ಶುರು ಮಾಡಿಬಿಡಬಹುದು. ಕೊನೆಗೆ ಬಂದಷ್ಟನ್ನೂ ಕೊಡುವುದು, ಆದರೆ ಪ್ರತಿ ಪುಟದ ತಲೆಯಲ್ಲಿ ಅಪೂರ್ಣ ಅಂತ ದಪ್ಪ ಅಕ್ಷರದ ಮುದ್ರೆ, ಜೊತೆಗೆ ಕಳಿಸಿದ ನಂಬರು ಮತ್ತು ಬಂದ ಪುಟಗಳ ಸಂಖ್ಯೆ ಅಂತ ತೀರ್ಮಾನವಾಯಿತು. ಆ ಕಡತ ಬೇರೆ ಫೋಲ್ಡರಿಗೆ ಹೋಗುತ್ತದೆ, ಒಬ್ಬರು ಕಳಿಸಿದವರಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆ ಮಾತ್ರ ಅಲ್ಲಿಂದ ಹೊರಗೆ ಬರುತ್ತದೆ.

ಎಲ್ಲ ಫ್ಯಾಕ್ಸೂ ಇಮೇಲ್‌ಗೆ ಬರಲಿ ಅಂತ ಮೊದಲು ಕೇಳಿದ್ದರು. ರೋಗಿಗಳ ವಿವರ, ಹಾಗಾಗಿ ಒಳಗಿನ ಸರ್ವರಿನ ಫೋಲ್ಡರಿಗೇ ಸೀಮಿತ ಮಾಡಿದೆವು. ಟ್ರಂಕಿನ ಬಗ್ಗೆ ಒಂದು ವಿಷಯ ಹೇಳಬೇಕು. ಮಾತಿಗೆ ಎಸ್‌ಆರ್‌ಟಿಪಿ ಗೂಢಲಿಪಿ ಹಾಕಿದ್ದೇವೆ, ಆದ್ದರಿಂದ ಫ್ಯಾಕ್ಸೂ ಭದ್ರ ಅಂತ ಹಲವರು ಅಂದುಕೊಳ್ಳುತ್ತಾರೆ. ಎಸ್‌ಆರ್‌ಟಿಪಿ ಕಾಯುವುದು ಆರ್‌ಟಿಪಿಯನ್ನು ಮಾತ್ರ. ಕರೆ ಟಿ.38ಕ್ಕೆ ಬದಲಾದ ಕ್ಷಣ ಯುಡಿಪಿಟಿಎಲ್ ಬಯಲಲ್ಲಿ ಹೋಗುತ್ತದೆ. ಲ್ಯಾಬಿಗೂ ಟ್ರಂಕಿನವರಿಗೂ ಮಧ್ಯೆ ವಿಪಿಎನ್ ಹಾಕಿಸಿಕೊಂಡದ್ದು ಅದಕ್ಕೇ.

ಮೂರು ಯಂತ್ರಗಳಲ್ಲಿ ಒಂದನ್ನು ಉಳಿಸಿಕೊಂಡರು. ಕೈಯಲ್ಲಿರುವ ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸುವುದಕ್ಕಿಂತ ಯಂತ್ರಕ್ಕೆ ತುರುಕುವುದು ಸುಲಭ ಅನ್ನುವವರು ಇದ್ದೇ ಇರುತ್ತಾರೆ. ಅದರ ಎಟಿಎಯಲ್ಲೂ ಟಿ.38 ಆನ್ ಮಾಡಿದೆವು. ಆ ಯಂತ್ರಕ್ಕೆ ನೇರವಾಗಿ ಕಳಿಸುವ ಕೆಲವು ಹೊಸ ಯಂತ್ರಗಳ ಜೊತೆ ಮಾತ್ರ ಕರೆ ಶುರುವಿನಲ್ಲೇ ಒದ್ದಾಡುತ್ತಿತ್ತು. ಎರಡೂ ಕಡೆ ಸೂಪರ್ ಜಿ3, ಅಂದರೆ ವಿ.34ರ 33,600 ವೇಗ. ಈ ಎಟಿಎಯ ಟಿ.38ಗೆ ಆ ವೇಗ ಬರುವುದಿಲ್ಲ. ಯಂತ್ರದ ಮೆನುವಿನಲ್ಲಿ ವಿ.34 ಆಫ್ ಮಾಡಿದ ಮೇಲೆ ಎರಡೂ ತಕರಾರಿಲ್ಲದೆ 14,400ಕ್ಕೆ ಇಳಿದುಕೊಂಡವು. ಇಸಿಎಂ ಮಾತ್ರ ಆನ್ ಇರಬೇಕು ಅಂತ ಯಂತ್ರದ ಮೇಲೆ ಚೀಟಿ ಅಂಟಿಸಿ ಬಂದೆವು.

ಇನ್ನೂ ಕೆಡುವ ಕರೆಗಳು ಇವೆ. ಅವು ಹೆಚ್ಚಾಗಿ ಒಂದೆರಡು ಕ್ಲಿನಿಕ್ಕುಗಳಿಂದ ಬರುತ್ತವೆ, ಮತ್ತು ಟಿ.38 ಇಲ್ಲದ ದಾರಿಯಲ್ಲೇ ಬರುತ್ತವೆ. ಲಾಗ್ ನೋಡಿದರೆ ಅವರ ಯಂತ್ರವೂ ಇಸಿಎಂ ಇಲ್ಲದೆ 9,600ರಲ್ಲಿ ಕಳಿಸುತ್ತಿದೆ, ಪುಟಗಳಲ್ಲಿ ಕೆಟ್ಟ ಸಾಲುಗಳು ನಿಮಿಷ ಕಳೆದಂತೆ ಕಾಣಿಸಿಕೊಳ್ಳುತ್ತವೆ. ಅವರ ಕಡೆಯೂ ಒಂದು ಎಟಿಎ ಇರುವ ಲಕ್ಷಣ. ಅದನ್ನು ಇಲ್ಲಿಂದ ಸರಿ ಮಾಡಲು ಆಗುವುದಿಲ್ಲ. ಯಾವ ಎರಡು ಸೆಟ್ಟಿಂಗ್ ಬದಲಿಸಬೇಕು ಅಂತ ಬರೆದು ಲ್ಯಾಬಿನವರು ಆ ಕ್ಲಿನಿಕ್ಕುಗಳಿಗೆ ಕಳಿಸಿದ್ದಾರೆ, ಫ್ಯಾಕ್ಸ್‌ನಲ್ಲೇ, ಒಂದೇ ಪುಟದಲ್ಲಿ.